ಕೆಂಪು ಗುಂಡಿ

“ಅರ್ಥ ಆಯ್ತಾ?” ಗಣಿತದ ಮಿಸ್ ಕೇಳಿದರು.

“ಆಯ್ತು ಮಿಸ್!” ಏಳನೇ ತರಗತಿಯ ಮೂವತ್ತಾರು ಮಕ್ಕಳೂ ರಾಗ ಎಳೆದರು. ಇಪ್ಪತ್ತಾರು ವರ್ಷಗಳಿಂದ ಮಿಸ್ ಕೇಳಿಕೊಂಡು ಬಂದದ್ದು ಇದೇ ರಾಗ.

“ಸರಿ, ಈಗ ರಿಮೋಟ್ ತಗೊಳ್ಳಿ. ಅರ್ಥ ಆಗಿದ್ರೆ ಹಸಿರು ಗುಂಡಿ, ಇಲ್ದಿದ್ರೆ ಕೆಂಪು. ಯಾರು ಯಾವುದು ಒತ್ತಿದ್ರು ಅಂತ ನಂಗೂ ಗೊತ್ತಾಗಲ್ಲ.”

ರಿಮೋಟ್‌ಗಳು ಶಾಲೆಗೆ ಬಂದು ಎರಡು ದಿನವಾಗಿತ್ತಷ್ಟೆ. ಹಂಚಿದ ಹುಡುಗಿ ಪಾಠ ಗಮನಿಸಲು ಹಿಂದಿನ ಬೆಂಚಿನಲ್ಲಿ ನೋಟ್‌ಬುಕ್ ತೆರೆದು ಕೂತಿದ್ದ ಮುಖ್ಯೋಪಾಧ್ಯಾಯಿನಿಯ ಕೈಗೂ ಒಂದು ಕೊಟ್ಟಿದ್ದಳು. ಅವರು ಬೆಳಿಗ್ಗೆಯೇ ಮಿಸ್‌ಗೆ ಹೇಳಿಯಾಗಿತ್ತು: “ನಿಮಗಿದು ಒಗ್ಗದಿದ್ರೆ ಸಂಕೋಚ ಬೇಡ ಮೇಡಂ. ಏಳನೇ ಕ್ಲಾಸು ಹೊಸ ಟೀಚರ್‌ಗೆ ಕೊಡೋಣ, ನೀವು ಲೈಬ್ರರಿ ನೋಡ್ಕೊಳ್ಳಿ.”

ಗೋಡೆಯ ಪರದೆಯ ಮೇಲೆ ಅಂಕಿ ಮೂಡಿತು. ಹಸಿರು ಐದು. ಮಿಕ್ಕಿದ್ದೆಲ್ಲ ಕೆಂಪು.

ಮಿಸ್‌ಗೆ ಕಿವಿ ಬಿಸಿಯಾಯಿತು. “ಈಗ ತಾನೆ ಆಯ್ತು ಅಂದ್ರಲ್ಲ?”

“ಅದು ಬಾಯಲ್ಲಿ ಮಿಸ್!” ಎರಡು ಜಡೆಯವಳು ಅಂದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು.

ನಗು ಮಿಸ್‌ಗೂ ಬಂತು. ತಾವೇ ಎಷ್ಟು ಕಡೆ ಹೀಗೆ ಬಾಯಲ್ಲಿ ‘ಆಯ್ತು’ ಅಂದಿಲ್ಲ? ಅತ್ತೆಯ ಅಡುಗೆಮನೆಯಲ್ಲಿ, ಡಾಕ್ಟರ ಮುಂದೆ, ಮೊನ್ನೆ ಈ ರಿಮೋಟಿನ ತರಬೇತಿಯಲ್ಲೂ.

“ಹೋಗ್ಲಿ, ಏನು ಗೊತ್ತಾಗ್ಲಿಲ್ಲ ಹೇಳಿ.”

“ಭಿನ್ನರಾಶಿಯಿಂದ ಭಾಗಿಸು ಅಂದ್ರೆ, ಅದನ್ನ ತಲೆಕೆಳಗು ಮಾಡಿ ಗುಣಿಸ್ತೀವಲ್ಲ, ಯಾಕೆ ಮಿಸ್?”

ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಮಿಸ್ ಸೀಮೆಸುಣ್ಣ ಕೆಳಗಿಟ್ಟು ಒಂದು ಹಾಳೆಯನ್ನು ನಾಲ್ಕಾಗಿ ಮಡಚಿ ಬಿಡಿಸಿದರು. “ಈ ಇಡೀ ಹಾಳೇಲಿ ಕಾಲು ಹಾಳೆ ಎಷ್ಟಿದೆ?”

“ನಾಕು!”

“ಅರ್ಧ ಹಾಳೇಲಿ?”

“ಅದರರ್ಧ. ಎರಡು!”

“ಹಾಗಾದ್ರೆ ಕಾಲು ಭಾಗದಿಂದ ಭಾಗಿಸಿದ್ರೂ ಅಷ್ಟೇ, ನಾಕರಿಂದ ಗುಣಿಸಿದ್ರೂ ಅಷ್ಟೇ ಬಂತಲ್ಲ?”

“ಓ…” ಅನ್ನುವ ಸದ್ದು ಬೆಂಚಿನಿಂದ ಬೆಂಚಿಗೆ ದಾಟಿತು. ಎಲ್ಲರೂ ಮತ್ತೆ ಗುಂಡಿ ಒತ್ತಿದರು. ಹಸಿರು ಮೂವತ್ತಾರು. ಕೆಂಪು ಒಂದು.

ಮಿಸ್ ತಲೆ ಎಣಿಸಿದರು. ಮಕ್ಕಳು ಮೂವತ್ತಾರೇ. ಅವರ ಕಣ್ಣು ಮೆಲ್ಲಗೆ ಹಿಂದಿನ ಬೆಂಚಿಗೆ ಹೋಯಿತು.

ಮುಖ್ಯೋಪಾಧ್ಯಾಯಿನಿಯ ನೋಟ್‌ಬುಕ್ಕಿನಲ್ಲಿ ಮಿಸ್ ಬಗ್ಗೆ ಒಂದಕ್ಷರವೂ ಇರಲಿಲ್ಲ. ನಾಲ್ಕು ಭಾಗ ಮಾಡಿದ ಒಂದು ಹಾಳೆಯ ಚಿತ್ರವಿತ್ತು. ಅವರು ಮಕ್ಕಳಂತೆಯೇ ಅರ್ಧ ಕೈ ಎತ್ತಿದರು.

“ಇನ್ನೊಂದ್ಸಲ ಹೇಳ್ತೀರಾ… ಮಿಸ್?”