ಕೈಯಾಗಿನ ರೊಕ್ಕ

ಮದುವೆಯಾದ ಮರುವಾರವೇ ಗಂಡ ಕಸ್ತೂರಿಯ ಕೈಗೆ ತನ್ನ ಖಾತೆಯ ಕಾರ್ಡು ಕೊಟ್ಟಿದ್ದ. "ರೊಕ್ಕ ಕೈಯಾಗಿದ್ರ ಎಲ್ಲಿ ಹೋತಂತ ತಿಳಿಯೂದಿಲ್ಲ. ಇದರಾಗ ಎಲ್ಲಾ ಗೊತ್ತಾಗ್ತದ," ಅಂದಿದ್ದ. ಅದು ನಿಜವೇ ಆಗಿತ್ತು. ಅವಳು ಒಂದು ಸೋಪು ಕೊಂಡರೂ ಅವನ ಫೋನಿಗೆ ಮೆಸೇಜು ಹೋಗುತ್ತಿತ್ತು. ಅವನಿಗೆ ಸರಿಕಾಣದ ಮೆಸೇಜು ಬಂದ ದಿನ ಮನೆಯಲ್ಲಿ ಅವಳಿಗೆ ಪೆಟ್ಟು ಬೀಳುತ್ತಿತ್ತು.

ಆ ದಿನ ಅವಳು ಓಣಿಯ ಕಿರಾಣಿ ಅಂಗಡಿಯ ಮುದುಕನ ಮುಂದೆ ನಿಂತು, ಅಕ್ಕಪಕ್ಕ ನೋಡಿ, ಸಣ್ಣ ದನಿಯಲ್ಲಿ ಕೇಳಿದಳು.

"ಕಾಕಾ, ಮುನ್ನೂರರ ಸಾಮಾನು ಕೊಡ್ರಿ. ಕಾರ್ಡಿನಾಗ ಐನೂರು ತಗೊಂಡು, ಉಳಿದದ್ದು ನನಗ ಕೈಯಾಗ ಕೊಡ್ರಿ."

"ಯಾಕವಾ?"

"ಮಿರಜದಾಗ ನಮ್ಮಕ್ಕ ಇದ್ದಾಳ್ರಿ. ರೈಲಿನ ಟಿಕೀಟು ಕಾರ್ಡಿನಾಗ ತಗೊಂಡ್ರ, ನಾ ಗಾಡಿ ಹತ್ತೂದ್ರೊಳಗ ಅವರು ಸ್ಟೇಷನ್ನಿಗೆ ಬರ್ತಾರ."

ಮುದುಕ ಅವಳ ಬಾತುಕೊಂಡ ಮುಂಗೈಯನ್ನೇ ನೋಡಿದ. ಕಾರ್ಡನ್ನು ಮುಟ್ಟಲಿಲ್ಲ. ಗಲ್ಲಾದಿಂದ ಎರಡು ಐನೂರರ ನೋಟು ತೆಗೆದು, ಅವಳ ಅಂಗೈಯಲ್ಲಿಟ್ಟು, ಬೆರಳು ಮಡಚಿದ.

"ಇಷ್ಟ್ಯಾಕ್ರಿ ಕಾಕಾ? ಇದನ್ನ ನಾ ಯಾವಾಗ ತೀರಸ್ಲಿ?"

"ತೀರಸೂದು ಬ್ಯಾಡ. ಸಂಜೀಗೆ ಅವ ಮನೀಗೆ ಬರೂದ್ರೊಳಗ ಹೋಗಿಬಿಡು."

ಕಸ್ತೂರಿ ಕಣ್ಣೊರೆಸಿಕೊಂಡಳು. "ನಿಮ್ಮಂಥ ಅಪ್ಪ ನನಗ ಇದ್ದಿದ್ರ, ಈ ಪಾಡು ಬರ್ತಿರಲಿಲ್ಲ ನೋಡ್ರಿ."

ಮುದುಕ ಗಲ್ಲಾ ಮುಚ್ಚಿದ.

"ಹಂಗನಬ್ಯಾಡವಾ. ನನ್ನ ಮಗಳೂ ಇಲ್ಲೇ ನಿಂತು ಎರಡನೂರು ರೂಪಾಯಿ ಕೇಳಿದ್ಲು. ಗಂಡ ಕಾರ್ಡ್ ಕೊಟ್ಟಾನಲ್ಲ, ರೊಕ್ಕ ಯಾಕ ಬೇಕಂತ ಬೈದು, ನಾನ ತಿರುಗಿ ಅವನ ಮನೀಗೆ ಕಳಿಸಿದೆ. ನಾಕನೇ ದಿನಕ್ಕ ಅಕೀನ್ನ ಮಣ್ಣು ಮಾಡಿ ಬಂದೆ."