ಕಾಲಬುಡದ ಪೆಟ್ಟಿಗೆ

ಎಸಿ ಹಾಕಿದರೆ ಹದಿನೈದು ಕಿಲೋಮೀಟರ್, ಆರಿಸಿದರೆ ಹತ್ತೊಂಬತ್ತು ಎಂದು ಎಲೆಕ್ಟ್ರಿಕ್ ಕಾರಿನ ಪರದೆ ತೋರಿಸುತ್ತಿತ್ತು. ಕುಂದಾಪುರದ ಆಸ್ಪತ್ರೆಗೆ ಇನ್ನೂ ಹದಿನೆಂಟು. ಎಸಿಯ ಗುಂಡಿಯ ಮೇಲೆ ಜಿತೇಂದ್ರ ಬೆರಳಿಟ್ಟ, ಮತ್ತೆ ತೆಗೆದ. ಉಪ್ಪುಂದದ ಸುಡುಮರಳಿನಲ್ಲಿ ಬಲೆ ಬಿಡಿಸುತ್ತ ಕುಸಿದಿದ್ದ ಅಪ್ಪ ಮುತ್ತ, ಹಿಂದಿನ ಸೀಟಿನಲ್ಲಿ ಮೈಯೆಲ್ಲ ಕೆಂಡವಾಗಿ, ಕರೆದರೂ ಓಗೊಡದೆ ಮಲಗಿದ್ದ. ತಂಪು ನಿಲ್ಲಿಸಿದರೆ ಅಪ್ಪ ಉಳಿಯುವುದಿಲ್ಲ, ನಿಲ್ಲಿಸದಿದ್ದರೆ ಕಾರು ತಲುಪುವುದಿಲ್ಲ.

"ಎಸಿ ಬಂದ್ ಮಾಡ್. ಫ್ಯಾನ್ ಒಂದ್ ಇರ್ಲಿ," ಎಂದಳು ಅಪ್ಪನ ಪಕ್ಕ ಕೂತಿದ್ದ ಅಮ್ಮ ಜಲಜ. ಕಾಲಬುಡದ ಗೋಣಿ ಸರಿಸಿದಳು. ಅಡಿಯಲ್ಲಿ ಮೀನಿನ ಪೆಟ್ಟಿಗೆ. ಹೊಸ ಕಾರಿಗೆ ಮೀನು ಹತ್ತಿಸಬೇಡ ಎಂದು ಮಗ ಜಗಳವಾಡಿದ ಮೇಲೂ ಅವಳು ದಿನಾ ಕದ್ದು ಸಾಗಿಸುತ್ತಿದ್ದಳು.

"ಕಡಿಗ್ ಬೈ. ಈಗ ಕಾರ್ ಬಿಡ್," ಎಂದಳು. ಜಿತೇಂದ್ರ ಎಸಿ ಆರಿಸಿದ.

ಬಂಗುಡೆಯ ಮೇಲಿನ ಐಸನ್ನು ಸೆರಗಿಗೆ ಸುರಿದು ಗಂಡನ ಕುತ್ತಿಗೆಗೆ, ಕಂಕುಳಿಗೆ ಒತ್ತಿ ಹಿಡಿದಳು. ಕಾರೆಲ್ಲ ಮೀನುವಾಸನೆ. ಹೆಮ್ಮಾಡಿ ದಾಟಿದರೂ ಕನ್ನಡಿಯಲ್ಲಿ ಅಪ್ಪನ ಮುಖ ಅಲುಗಲಿಲ್ಲ. ಜಿತೇಂದ್ರ ಪರದೆ ನೋಡುವುದನ್ನೇ ಬಿಟ್ಟ. ಕುಂದಾಪುರದ ಸೇತುವೆ ಹತ್ತುವಾಗ ಹಿಂದಿನಿಂದ ಒಣಗಿದ ದನಿಯೊಂದು ಕೇಳಿತು:

"ಐಸ್ ಎಲ್ಲ ತೆಗ್ದ್ರೆ ಮೀನ್ ಹಾಳಾತ್ತ್, ಜಲಜ."