ಎರಡು ತಿಳಿ ಹಸಿರು

ಅವನು ಅಡುಗೆಮನೆಗೆ ಕಾಲಿಟ್ಟದ್ದೇ ತಡ, ಒಳಗಿದ್ದ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಒಬ್ಬಳು ಹೆಂಡತಿ. ಇನ್ನೊಬ್ಬ ಅವನ ಜೊತೆ ರೈಲು ಓಡಿಸುವ ಸಹಾಯಕ ಚಾಲಕ. ಸಹಾಯಕನ ಕೈಯಲ್ಲಿ ಬಣ್ಣದ ಎರಡು ಪುಟ್ಟ ಡಬ್ಬ.

"ಏನಪ್ಪಾ ಮಸಲತ್ತು?"

"ಅಕ್ಕ ಬಣ್ಣ ತರೋಕೆ ಹೇಳಿದ್ರು, ಅಣ್ಣ." ಡಬ್ಬ ಕೆಳಗಿಟ್ಟವನು ಕಣ್ಣು ತಪ್ಪಿಸಿ ಜಾರಿಕೊಂಡ.

ಚಾಲಕನಿಗೆ ಮೈಯುರಿಯಿತು. ಅರ್ಧ ಆಯಸ್ಸು ಗೂಡ್ಸ್ ಗಾಡಿ ಎಳೆದ ಮೇಲೆ ಈಗ ಎಕ್ಸ್‌ಪ್ರೆಸ್ ಸಿಕ್ಕಿದೆ. ನಾಳೆಯೇ ಮೊದಲ ಓಟ. ಹೆಂಡತಿಯದು ಮಾತ್ರ ಒಂದೇ ಹಾಡು: ರಜೆ ಹಾಕಿ, ಮಗಳ ಕೋಣೆಗೆ ಬಣ್ಣ ಬಳಿಯಿರಿ. ಈಗ ಇವನನ್ನೂ ತನ್ನ ಕಡೆ ಎಳೆದುಕೊಂಡಿದ್ದಾಳೆ.

ಎಂಜಿನ್ನಿನಲ್ಲೂ ಈ ಸಹಾಯಕನ ವರಸೆ ಬದಲಾಗಿತ್ತು. ಸಿಗ್ನಲ್ ಕಂಡೊಡನೆ ಒಬ್ಬ ಅದರ ಬಣ್ಣವನ್ನು ಗಟ್ಟಿಯಾಗಿ ಕೂಗಬೇಕು, ಇನ್ನೊಬ್ಬ ಅದನ್ನೇ ಮರುಕೂಗಬೇಕು. ಮೊದಲೆಲ್ಲ ಥಟ್ಟನೆ ಕೂಗುತ್ತಿದ್ದವನು ಈಚೆಗೆ ತುಟಿ ಬಿಗಿದು, ಹಿರಿಯನ ಮುಖವನ್ನೇ ನೋಡುತ್ತ ಕೂರುತ್ತಾನೆ. "ಬಾಯಲ್ಲೇನು ನೀರು ತುಂಬ್ಕೊಂಡಿದೀಯಾ? ಕೂಗೋ!" ಎಂದು ಗದರಿದ್ದೂ ಆಗಿತ್ತು.

"ರೀ, ಇಲ್ಲಿ ಬನ್ನಿ."

ಮಗಳ ಕೋಣೆಯ ಬಿಳಿ ಗೋಡೆಗೆ ಹೆಂಡತಿ ಅಂಗೈ ಅಗಲದ ಎರಡು ಪಟ್ಟಿ ಬಳಿದಿದ್ದಳು. ಕಿಟಕಿಯ ಬಿಸಿಲು ನೇರ ಅವುಗಳ ಮೇಲೆಯೇ ಬಿದ್ದಿತ್ತು.

"ಎರಡು ತಿಳಿ ಹಸಿರು. ಯಾವುದು ಹಾಕೋಣ?"

"ಎರಡೂ ಒಂದೇ ಥರ ಇದೆಯಲ್ಲೇ. ಕೂದಲು ಸೀಳೋ ಕೆಲಸಕ್ಕೆ ನಾನೇ ಬೇಕಿತ್ತಾ?"

"ಸರಿಯಾಗಿ ನೋಡಿ. ನಿಮ್ಮ ದಮ್ಮಯ್ಯ."

ಗೋಡೆಯ ಬಣ್ಣಕ್ಕೆ ದಮ್ಮಯ್ಯ ಅನ್ನುವವರುಂಟೆ? ತಿರುಗಿ ನೋಡಿದ. ಅವಳ ಕಣ್ಣಂಚು ಒದ್ದೆಯಾಗಿತ್ತು. ಪಾಪ, ಮಗಳ ಕೋಣೆಯ ಮೇಲೆ ಎಷ್ಟೊಂದು ಆಸೆ ಎಂದು ಅವನ ಸಿಟ್ಟು ಕರಗಿತು. ಹತ್ತಿರ ಹೋದ, ಹಿಂದೆ ಸರಿದ, ಕತ್ತು ವಾಲಿಸಿದ. ಎಡಗಡೆಯದು ಒಂದು ಚೂರು ಮಂಕೇನೋ ಅನ್ನಿಸಿತು. ಅದರ ಮೇಲೇ ಬೆರಳಿಟ್ಟ.

"ಇದು. ಎಳೇ ಚಿಗುರಿನ ಹಾಗಿದೆ, ಕಣ್ಣಿಗೆ ತಂಪು. ಆಯ್ತಾ? ನಾಳೆ ಗಾಡಿ ಮುಟ್ಟಿಸಿ ಬಂದು ನಾನೇ ಬಳೀತೀನಿ."

ಅವಳು ಕೈಯಲ್ಲಿದ್ದ ಕುಂಚವನ್ನು ಕೆಳಗಿಟ್ಟಳು.

"ನಾಳೆ ಗಾಡಿ ಹತ್ತಬೇಡಿ."

"ಮತ್ತೆ ಅದೇ ಹಾಡು! ಬಣ್ಣ ಆರಿಸಿ ಕೊಟ್ಟೆನಲ್ಲ?"

ಅವಳು ಅವನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಹಸಿರು ಪಕ್ಕದ್ದು, ರೀ. ನೀವು ಬೆರಳಿಟ್ಟಿದ್ದು ತಿಳಿ ಕೆಂಪು."